ಬಿಸಿಲು ಮಳೆಯ ನಾಡಿನ ಕೈತೋಟ: ಮಣ್ಣಿಗೆ ಕಸುವು ತುಂಬುವ ಹಳೆಯ ದಾರಿಗಳು

ಉಷ್ಣವಲಯದ ಮಣ್ಣಿಗೆ ಗೊಬ್ಬರವನ್ನು ಕೂಡಿಟ್ಟುಕೊಳ್ಳುವ ಶಕ್ತಿ ಕಡಿಮೆ. ಈ ಒಂದು ಮಾತು ಮನಸ್ಸಿಗೆ ಇಳಿದರೆ ಮುಂದಿನ ಕೆಲಸವೆಲ್ಲ ಸಲೀಸು. ಉಷ್ಣತೆ 10 ಡಿಗ್ರಿ ಏರಿದರೆ ಸೊಪ್ಪು ಸದೆ ಕೊಳೆಯುವ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಹಾಗಾಗಿ ಚಳಿಯ ದೇಶದಲ್ಲಿ ವರ್ಷಗಟ್ಟಲೆ ಉಳಿಯುವ ಗೊಬ್ಬರ ಇಲ್ಲಿ ಕೆಲವೇ ತಿಂಗಳಲ್ಲಿ ಕರಗಿಹೋಗುತ್ತದೆ. ಕರಗಿ ಬಿಡುಗಡೆಯಾದ ಸಾರಜನಕ, ಪೊಟ್ಯಾಷ್‌ಗಳನ್ನು ಜಡಿಮಳೆ ಬೇರಿಗೆ ಎಟುಕದಷ್ಟು ಕೆಳಕ್ಕೆ ಇಳಿಸುತ್ತದೆ. ಕೆಂಪು ಮಣ್ಣು, ಜಂಬಿಟ್ಟಿಗೆ ಮಣ್ಣುಗಳಲ್ಲಿರುವ ಜೇಡಿಯ ಜಾತಿಯೂ ಪೋಷಕಾಂಶಗಳನ್ನು ಬಿಗಿಯಾಗಿ ಹಿಡಿಯುವಂಥದ್ದಲ್ಲ. ವರ್ಷಕ್ಕೊಮ್ಮೆ ಗಾಡಿಗಟ್ಟಲೆ ಗೊಬ್ಬರ ಸುರಿದು ಸುಮ್ಮನಾದರೆ ಗಿಡಕ್ಕೆ ಸಿಗುವುದು ಅಲ್ಪವೇ.

ಇಂಥದೇ ಮಣ್ಣಿನ ಮೇಲೆ ದಟ್ಟ ಕಾಡು ಹೇಗೆ ಬೆಳೆಯುತ್ತದೆ ಎಂದರೆ, ಕಾಡಿನ ಸಿರಿಯಲ್ಲಿ ಹೆಚ್ಚಿನದು ಮರದಲ್ಲಿ ಮತ್ತು ನೆಲದ ಮೇಲಿನ ತರಗೆಲೆಯಲ್ಲಿ ಇರುತ್ತದೆ. ಎಲೆ ಉದುರುತ್ತದೆ, ಕೊಳೆಯುತ್ತದೆ, ಮೇಲ್ಪದರದ ಬೇರು ಅದನ್ನು ಹೀರುತ್ತದೆ, ಮತ್ತೆ ಎಲೆಯಾಗುತ್ತದೆ. ಹಳೆಯ ಕೈತೋಟಗಳು ಇದನ್ನೇ ಅನುಸರಿಸಿದವು. ಜಾವಾದ ‘ಪೆಕಾರಂಗಾನ್’ ಎಂಬ ಮನೆತೋಟದಲ್ಲಿ ಮರ, ಪೊದೆ, ಗೆಡ್ಡೆ ಅಂತಸ್ತಂತಸ್ತಾಗಿ ನಿಲ್ಲುತ್ತವೆ. ಕಿಲಿಮಂಜಾರೋ ಇಳಿಜಾರಿನ ಚಗ್ಗಾ ಜನರ ತೋಟಗಳಲ್ಲಿ ಮರದ ನೆರಳಲ್ಲಿ ಬಾಳೆ, ಬಾಳೆಯ ಕೆಳಗೆ ಕಾಫಿ, ಪಕ್ಕದಲ್ಲೇ ಕಟ್ಟಿ ಮೇಯಿಸುವ ದನ, ಆ ಸಗಣಿ ಮತ್ತೆ ಬಾಳೆಯ ಬುಡಕ್ಕೆ. ಎಲ್ಲ ಕಡೆಯೂ ಸೂತ್ರ ಒಂದೇ: ನೆಲ ಬರಿದಾಗಬಾರದು, ಉಣಿಸುವುದು ಸ್ವಲ್ಪ ಸ್ವಲ್ಪವಾಗಿ ಮತ್ತೆ ಮತ್ತೆ ಆಗಬೇಕು.

ಮೊದಲು ಮಣ್ಣನ್ನು ನೋಡಿ

ಗೊಬ್ಬರಕ್ಕೆ ಕೈಹಾಕುವ ಮುನ್ನ ಎರಡು ಪರೀಕ್ಷೆ ಮಾಡಿಕೊಳ್ಳಿ. 1 ಲೀಟರಿನ ಪಾರದರ್ಶಕ ಬಾಟಲಿಗೆ ಮೂರರಲ್ಲಿ ಒಂದು ಭಾಗ ಮಣ್ಣು ಹಾಕಿ, ನೀರು ತುಂಬಿ, ಚಿಟಿಕೆ ಸೋಪಿನ ಪುಡಿ ಸೇರಿಸಿ 3 ನಿಮಿಷ ಚೆನ್ನಾಗಿ ಕುಲುಕಿ ಇಡಿ. ಒಂದೆರಡು ನಿಮಿಷದಲ್ಲಿ ತಳಕ್ಕೆ ಕೂರುವುದು ಮರಳು. ಕೆಲವು ಗಂಟೆಗಳಲ್ಲಿ ಅದರ ಮೇಲೆ ಕೂರುವುದು ಗೋಡು. ಒಂದೆರಡು ದಿನ ನೀರಿನಲ್ಲೇ ತೇಲಾಡಿ ಕೊನೆಗೆ ಇಳಿಯುವುದು ಜೇಡಿ. ಮರಳು ಹೆಚ್ಚಿದ್ದರೆ ಗೊಬ್ಬರದ ಕಂತು ಚಿಕ್ಕದಾಗಿರಬೇಕು, ಸರದಿ ಬೇಗಬೇಗ ಬರಬೇಕು. ಜೇಡಿ ಹೆಚ್ಚಿದ್ದರೆ ಒದ್ದೆ ಇರುವಾಗ ಅಗೆಯಲೇಬಾರದು. ಅಗೆದರೆ ಹೆಂಟೆಗಳು ಇಟ್ಟಿಗೆಯಂತೆ ಗಟ್ಟಿಯಾಗುತ್ತವೆ.

ಎರಡನೆಯದು ಗುಂಡಿ ಪರೀಕ್ಷೆ. ಮಣ್ಣು ಹಸಿಯಾಗಿರುವ ದಿನ 30 ಸೆಂ.ಮೀ. ಉದ್ದ, ಅಗಲ, ಆಳದ ಗುಂಡಿ ತೆಗೆದು, ಆ ಮಣ್ಣನ್ನು ಒಂದು ಗೋಣಿಯ ಮೇಲೆ ಸುರಿದು ಎರೆಹುಳು ಎಣಿಸಿ. ಹತ್ತಕ್ಕಿಂತ ಹೆಚ್ಚು ಸಿಕ್ಕರೆ ಮಣ್ಣಿನಲ್ಲಿ ಜೀವವಿದೆ. ಒಂದೆರಡೇ ಇದ್ದರೆ ಆಹಾರವೋ ತೇವವೋ ಕಡಿಮೆ ಎಂದು ಅರ್ಥ. ಅದೇ ಗುಂಡಿಗೆ ನೀರು ತುಂಬಿ, ಇಂಗಿದ ಮೇಲೆ ಎರಡನೇ ಸಲ ತುಂಬಿ. ಈಗ ಗಂಟೆಗೆ 2 ಸೆಂ.ಮೀ. ಕೂಡ ಇಳಿಯದಿದ್ದರೆ ಆ ಜಾಗದಲ್ಲಿ ಏರುಮಡಿ ಮಾಡಿಯೇ ಬೆಳೆಯಬೇಕು. ನೀರು ನಿಲ್ಲುವ ನೆಲಕ್ಕೆ ಎಷ್ಟೇ ಗೊಬ್ಬರ ಹಾಕಿದರೂ ಬೇರು ಉಸಿರುಗಟ್ಟಿ ಕೊಳೆಯುತ್ತದೆ.

ಮಳೆ ಹೆಚ್ಚು ಬೀಳುವ ಕಡೆ ಮಣ್ಣು ಸಾಮಾನ್ಯವಾಗಿ ಹುಳಿಯಾಗಿರುತ್ತದೆ. ಹುಳಿಯ ಮಟ್ಟ ತೋರಿಸುವ ಪಿಎಚ್ ಅಂಕಿಯನ್ನು (ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಕಾಗದದಲ್ಲೋ ಮೀಟರಿನಲ್ಲೋ ಅಳೆದು 5.5ಕ್ಕಿಂತ ಕಡಿಮೆ ಬಂದರೆ ಚದರ ಮೀಟರಿಗೆ 200 ಗ್ರಾಂನಷ್ಟು ಕೃಷಿ ಸುಣ್ಣ ಎರಚಿ ಮೇಲ್ಮಣ್ಣಿಗೆ ಬೆರೆಸಿ. ಸುಣ್ಣ ಮತ್ತು ಸಗಣಿ ಗೊಬ್ಬರವನ್ನು ಒಟ್ಟಿಗೆ ಹಾಕಬಾರದು, ನಡುವೆ ಎರಡು ಮೂರು ವಾರ ಬಿಡಿ. ಒಟ್ಟಿಗೆ ಹಾಕಿದರೆ ಗೊಬ್ಬರದ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹಾರುತ್ತದೆ.

ಮುಚ್ಚಿಗೆ

ಒಂದೇ ಕೆಲಸ ಮಾಡುವಷ್ಟು ಬಿಡುವಿದ್ದರೆ ಇದನ್ನೇ ಮಾಡಿ: ಬರಿ ನೆಲವನ್ನು ಸೊಪ್ಪು, ತರಗಿನಿಂದ ಮುಚ್ಚಿ. ಬರಿ ನೆಲದ ಮೇಲೆ ಬಿದ್ದ ಮಳೆಹನಿ ಮಣ್ಣಿನ ಕಣವನ್ನು ಒಡೆದು ಮೇಲೆ ತೆಳು ಹೆಪ್ಪು ಕಟ್ಟಿಸುತ್ತದೆ. ಆಮೇಲೆ ನೀರು ಇಂಗದೆ ಮೇಲ್ಮಣ್ಣನ್ನೇ ಹೊತ್ತು ಹರಿಯುತ್ತದೆ. ಮುಚ್ಚಿಗೆ ಆ ಪೆಟ್ಟನ್ನು ತಾನು ತಿನ್ನುತ್ತದೆ, ಬೇಸಿಗೆಯ ಕಾವನ್ನು ತಡೆಯುತ್ತದೆ, ಕೊಳೆತು ಗೊಬ್ಬರವೂ ಆಗುತ್ತದೆ.

ಮೊದಲು ನೆಲಕ್ಕೆ ನೀರು ಹಾಯಿಸಿ ತೋಯಿಸಿ. ಒಣಗಿ ಬಿರಿದ ನೆಲಕ್ಕೆ ದಪ್ಪ ಮುಚ್ಚಿಗೆ ಹಾಕಿದರೆ ಸಣ್ಣ ಮಳೆ ಎಲೆಯಲ್ಲೇ ನಿಂತು ಆವಿಯಾಗುತ್ತದೆ, ಬೇರಿಗೆ ಹನಿಯೂ ಮುಟ್ಟುವುದಿಲ್ಲ. ತೋಯ್ದ ನೆಲದ ಮೇಲೆ ತೆಳುವಾಗಿ ಸಗಣಿ ಬಗ್ಗಡ ಚಿಮುಕಿಸಿ, ಅದರ ಮೇಲೆ ಕೈಗೆ ಸಿಕ್ಕ ಹಸಿ ಸೊಪ್ಪನ್ನು 3ರಿಂದ 5 ಸೆಂ.ಮೀ. ಹರಡಿ, ಕೊನೆಗೆ ಒಣ ತರಗು 8ರಿಂದ 10 ಸೆಂ.ಮೀ. ಹೊದಿಸಿ. ಚದರ ಮೀಟರಿಗೆ 3–4 ಕಿಲೋ ತರಗು ಬೇಕಾಗುತ್ತದೆ. ಮಳೆಗಾಲದಲ್ಲಿ ಆರೇಳು ವಾರಕ್ಕೆ ಅದು 3–4 ಸೆಂ.ಮೀ.ಗೆ ಕುಸಿಯುತ್ತದೆ. ಕುಸಿದದ್ದನ್ನು ತೆಗೆಯದೆ ಮೇಲೆ ಇನ್ನೊಂದು ಪದರ ಹಾಕುತ್ತ ಹೋಗಿ.

ಮೂರು ವಾರ ಕಳೆದ ಮೇಲೆ ಒಂದು ಮೂಲೆಯ ಹೊದಿಕೆ ಎತ್ತಿ ನೋಡಿ. ಮೇಲಿನ ಎಲೆ ಇನ್ನೂ ಕರಕರ ಒಣಗಿರುತ್ತದೆ. ಅದರ ಕೆಳಗಿನದು ಕಂದು ಬಣ್ಣಕ್ಕೆ ತಿರುಗಿ, ಒಂದಕ್ಕೊಂದು ಬಿಳಿ ನೂಲಿನಂಥ ಎಳೆಗಳಿಂದ ಅಂಟಿಕೊಂಡಿರುತ್ತದೆ. ಇನ್ನೂ ಕೆಳಗೆ ಎಲೆಯ ಮಾಂಸಲ ಭಾಗ ಕರಗಿ ನರಗಳ ಜಾಲರಿ ಮಾತ್ರ ಉಳಿದಿರುತ್ತದೆ. ಅದಕ್ಕೆ ತಾಗಿದ ಮಣ್ಣು ಸಣ್ಣ ಹರಳುಗಳಾಗಿ ಉದುರುತ್ತದೆ, ಮೊದಲ ಮಳೆಯ ವಾಸನೆ ಬರುತ್ತದೆ. ಆ ಬಿಳಿ ಎಳೆ ಕಂಡು ರೋಗವೆಂದು ಹೆದರಿ ಔಷಧಿ ಸಿಂಪಡಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ತರಗನ್ನು ಮಣ್ಣಾಗಿಸುವ ಶಿಲೀಂಧ್ರ ಅದು, ನಿಮ್ಮ ಕೆಲಸದಲ್ಲಿ ಅರ್ಧವನ್ನು ಅದೇ ಮಾಡುತ್ತಿದೆ.

ತಪ್ಪುವುದು ಇಲ್ಲಿ: ಮುಚ್ಚಿಗೆಯನ್ನು ಕಾಂಡಕ್ಕೆ ಒತ್ತಿ ರಾಶಿ ಹಾಕಿದರೆ ತೊಗಟೆ ಸದಾ ಒದ್ದೆಯಾಗಿದ್ದು ಬುಡ ಕೊಳೆಯುತ್ತದೆ, ಗೆದ್ದಲೂ ಏರುತ್ತದೆ. ಎಳೆಗಿಡಕ್ಕೆ 5 ಸೆಂ.ಮೀ., ಮರಕ್ಕೆ 15 ಸೆಂ.ಮೀ. ಬುಡ ಬಿಟ್ಟು ಹಾಕಿ. ಮರದ ಆಹಾರ ಹೀರುವ ಸಣ್ಣ ಬೇರುಗಳು ಹೆಚ್ಚಾಗಿ ಕೊಂಬೆಯ ತುದಿಯ ನೆರಳು ಬೀಳುವ ಸುತ್ತಿನ ಹತ್ತಿರ ಇರುತ್ತವೆ. ಪಾತಿ ಅಲ್ಲಿಯವರೆಗೂ ಅಗಲವಾಗಲಿ. ತೇಗ, ಗೋಡಂಬಿ, ಮಾವಿನ ಎಲೆಗಳು ಒರಟು, ನಿಧಾನ. ಅವನ್ನು ಕತ್ತರಿಸಿಯೋ ತುಳಿದು ಪುಡಿಮಾಡಿಯೋ ಬೇರೆ ಎಲೆಯೊಂದಿಗೆ ಬೆರೆಸಿ. ಇಲ್ಲವಾದರೆ ಒಂದರ ಮೇಲೊಂದು ಅಂಟಿ ಚಾಪೆಯಂತಾಗಿ ನೀರನ್ನೇ ತಡೆಯುತ್ತವೆ. ಮಳೆಗಾಲದಲ್ಲಿ ಬಸವನಹುಳುವಿನ ಕಾಟ ಇದ್ದರೆ ಸಸಿ ಮಡಿಯ ಮುಚ್ಚಿಗೆಯನ್ನು 2–3 ಸೆಂ.ಮೀ.ಗೆ ಇಳಿಸಿ.

ಇನ್ನೊಂದು ದೊಡ್ಡ ತಪ್ಪು, ಒಣ ತರಗು, ಹುಲ್ಲು, ಮರದ ಹೊಟ್ಟನ್ನು ನೇರ ಮಣ್ಣಿಗೆ ಅಗೆದು ಬೆರೆಸುವುದು. ಇವುಗಳಲ್ಲಿ ಇಂಗಾಲ ಹೆಚ್ಚು, ಸಾರಜನಕ ತೀರಾ ಕಡಿಮೆ. ಕೊಳೆಸುವ ಸೂಕ್ಷ್ಮಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ. ಗಿಡದ ಹಳೆಯ ಎಲೆಗಳು ಕೆಳಗಿನಿಂದ ಹಳದಿಯಾಗುತ್ತ ಬರುತ್ತವೆ. ಹೀಗಾದರೆ 1 ಪಾಲು ಗಂಜಲಕ್ಕೆ 10 ಪಾಲು ನೀರು ಬೆರೆಸಿ, ಸಂಜೆ ಹೊತ್ತು, ಎಲೆಗೆ ತಾಗದಂತೆ ಬುಡದ ಸುತ್ತ ವಾರಕ್ಕೊಮ್ಮೆಯಂತೆ ಎರಡು ಮೂರು ವಾರ ಹಾಕಿ. ಒಣದು ಮೇಲೆ ಇದ್ದರೆ ಈ ತೊಂದರೆಯೇ ಇಲ್ಲ.

ಹಸಿರೆಲೆ: ಬೇಲಿಯಲ್ಲೇ ಬೆಳೆಯುವ ಗೊಬ್ಬರ

ಗೊಬ್ಬರದ ಗಿಡವೆಂದೇ ಹೆಸರಾದ ಗ್ಲಿರಿಸಿಡಿಯಾ ಈ ಕೆಲಸಕ್ಕೆ ಮೊದಲ ಆಯ್ಕೆ. ಮಳೆ ಶುರುವಾಗುವ ಹೊತ್ತಿಗೆ ಹೆಬ್ಬೆರಳಿಗಿಂತ ದಪ್ಪನೆಯ, 1ರಿಂದ 1.5 ಮೀಟರ್ ಉದ್ದದ ಬಲಿತ ಗೂಟಗಳನ್ನು ಕತ್ತರಿಸಿ, ಬೇಲಿಗುಂಟ ಅರ್ಧದಿಂದ ಒಂದು ಮೀಟರಿಗೊಂದರಂತೆ 20 ಸೆಂ.ಮೀ. ಆಳ ನೆಡಿ. ಗೂಟವನ್ನು ತಲೆಕೆಳಗು ಮಾಡಿ ನೆಟ್ಟರೆ ಚಿಗುರುವುದಿಲ್ಲ. ಕಡಿಯುವಾಗಲೇ ಕೆಳತುದಿಯನ್ನು ಓರೆಯಾಗಿ, ಮೇಲ್ತುದಿಯನ್ನು ನೇರವಾಗಿ ಕತ್ತರಿಸಿಕೊಂಡರೆ ಗೊಂದಲವಿರದು. ಮೊದಲ ವರ್ಷ ಬೇರೂರಲು ಬಿಡಿ. ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ಒಂದು ಮೀಟರ್ ಎತ್ತರಕ್ಕೆ ಸವರಬಹುದು.

ಇದರ ಲೆಕ್ಕ ಹೀಗಿದೆ. 10 ಕಿಲೋ ಹಸಿ ಸೊಪ್ಪು ಒಣಗಿದರೆ ಉಳಿಯುವುದು ಸುಮಾರು 2 ಕಿಲೋ. ಒಣ ತೂಕದಲ್ಲಿ ಸಾರಜನಕ ಶೇ. 3ರ ಆಸುಪಾಸು, ಅಂದರೆ 60 ಗ್ರಾಂ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಶೇ. 0.5ರಷ್ಟು. ಅಷ್ಟೇ 60 ಗ್ರಾಂ ಬೇಕಾದರೆ 12 ಕಿಲೋ ಗೊಬ್ಬರ ಹೊರಬೇಕು. ಬೇಲಿಯಿಂದ ತಂದ ಒಂದು ಹೊರೆ ಸೊಪ್ಪು ಒಂದು ಮಂಕರಿ ಗೊಬ್ಬರಕ್ಕೆ ಸಾಟಿ ಎನ್ನುವುದು ಇದರಿಂದ. ಆದರೆ ಈ ಸೊಪ್ಪು ಬೇಗ ಕರಗುತ್ತದೆ. ಮಳೆಗಾಲದ ತೇವದಲ್ಲಿ ಮೂರು ನಾಲ್ಕು ವಾರದಲ್ಲೇ ಅರ್ಧಕ್ಕೂ ಹೆಚ್ಚು ಕೊಳೆತಿರುತ್ತದೆ. ಬೇಲಿಯನ್ನೆಲ್ಲ ಒಂದೇ ದಿನ ಬೋಳಿಸಬೇಡಿ. ಮೂರು ಪಾಲು ಮಾಡಿ, ಮೂರು ವಾರಕ್ಕೊಂದು ಪಾಲು ಕಡಿದರೆ ಗಿಡ ಬೆಳೆಯುವ ಉದ್ದಕ್ಕೂ ಉಣಿಸು ಸಿಗುತ್ತದೆ. ಚದರ ಮೀಟರಿಗೆ ಒಂದು ಸಲಕ್ಕೆ 1–2 ಕಿಲೋ ಸಾಕು.

ಹೊಂಗೆ, ಹಾಲುವಾಣ, ನುಗ್ಗೆ, ಎಕ್ಕದ ಸೊಪ್ಪುಗಳೂ ಒಳ್ಳೆಯವೇ. ರಸ್ತೆಬದಿಯಲ್ಲಿ ಪೊದೆಯಾಗಿ ಹಳದಿ ಹೂ ಬಿಡುವ ಟಿಥೋನಿಯಾದ ಸೊಪ್ಪಿನಲ್ಲಿ ಪೊಟ್ಯಾಷ್ ವಿಶೇಷವಾಗಿ ಹೆಚ್ಚು. ಹೂ ಬೀಜವಾಗುವ ಮುನ್ನ ಕಡಿಯಿರಿ, ಇಲ್ಲವಾದರೆ ತೋಟದ ತುಂಬ ಅದೇ ಎದ್ದೀತು. ಹಸಿ ಸೊಪ್ಪನ್ನು ಮಣ್ಣಿಗೆ ಅಗೆದು ಸೇರಿಸಿದ್ದರೆ ಬಿತ್ತುವ ಮುನ್ನ ಕನಿಷ್ಠ 15 ದಿನ ಕಾಯಿರಿ. ಸೊಪ್ಪು ಕೊಳೆಯುವ ಹೊತ್ತಿನಲ್ಲಿ ಎಳೆ ಬೇರಿಗೆ ಪೆಟ್ಟಾಗುತ್ತದೆ, ಮೊಳಕೆಯನ್ನು ಕೊಳೆಸುವ ರೋಗವೂ ಆಗ ಜೋರು.

ಖಾಲಿ ಬಿದ್ದ ಮಡಿಗೆ ಸೆಣಬು, ಅಲಸಂದೆ ಬಿತ್ತಿ. ನೀರು ನಿಲ್ಲುವ ಜಾಗವಾದರೆ ಡಯಾಂಚ ಎಂಬ ಹಸಿರೆಲೆ ಗೊಬ್ಬರದ ಗಿಡ. ಚದರ ಮೀಟರಿಗೆ 5 ಗ್ರಾಂ ಸೆಣಬಿನ ಬೀಜ ಸಾಲುತ್ತದೆ, ಅಲಸಂದೆಗೆ 8–10 ಗ್ರಾಂ ಬೇಕು. ಸುಮಾರು 45 ದಿನಕ್ಕೆ ಮೊದಲ ಹೂ ಕಾಣುತ್ತದೆ. ಕಡಿಯುವ ಹದ ಅದೇ. ಇನ್ನೂ ಎರಡು ವಾರ ಬಿಟ್ಟರೆ ಸೊಪ್ಪಿನ ತೂಕ ಹೆಚ್ಚುವುದು ನಿಜ, ಆದರೆ ಕಾಂಡ ನಾರಾಗಿ ಕೊಳೆಯಲು ತಿಂಗಳುಗಟ್ಟಲೆ ಬೇಕು. ಕಿತ್ತು ಹಾಕಬೇಡಿ, ನೆಲಮಟ್ಟದಲ್ಲಿ ಕೊಯ್ಯಿರಿ. ಬೇರು, ಬೇರಿನ ಗಂಟು ಅಲ್ಲೇ ಕೊಳೆತು ಗಾಳಿ ನೀರು ಓಡಾಡುವ ಸಂದು ಬಿಡುತ್ತವೆ. ಒಂದೆರಡು ಗಿಡವನ್ನು ಅಗೆದು ಬೇರಿನ ಗಂಟು ಚಿವುಟಿ ನೋಡಿ: ಒಳಗೆ ನಸುಗೆಂಪು ಇದ್ದರೆ ಗಾಳಿಯ ಸಾರಜನಕವನ್ನು ಹಿಡಿಯುತ್ತಿದೆ, ಹಸಿರು ಅಥವಾ ಬೂದು ಬಣ್ಣವಾದರೆ ಆ ಕೆಲಸ ನಡೆಯುತ್ತಿಲ್ಲ.

ಗೊಬ್ಬರದ ರಾಶಿ

ಮಳೆ ಹೆಚ್ಚಿರುವ ಕಡೆ ಗುಂಡಿಗಿಂತ ನೆಲದ ಮೇಲಿನ ರಾಶಿ ವಾಸಿ. ಗುಂಡಿಯಲ್ಲಿ ನೀರು ನಿಂತು ಗಬ್ಬು ನಾರುತ್ತದೆ, ಸೊಳ್ಳೆಯೂ ಹುಟ್ಟುತ್ತದೆ. ಒಣ ಪ್ರದೇಶದಲ್ಲಿ ತೇವ ಉಳಿಸಲು ಗುಂಡಿಯೇ ಸರಿ.

ಮರದ ನೆರಳಿರುವ, ನೀರು ನಿಲ್ಲದ ಜಾಗ ನೋಡಿ. ರಾಶಿ ಉದ್ದ, ಅಗಲ, ಎತ್ತರ ಮೂರೂ ಕಡೆ 1 ಮೀಟರಿಗೆ ಕಡಿಮೆಯಾದರೆ ಕಾವು ಹಿಡಿಯುವುದಿಲ್ಲ. ತಳಕ್ಕೆ 15 ಸೆಂ.ಮೀ. ಕಡ್ಡಿ ಕಸ, ಗಾಳಿಯಾಡಲು. ಅದರ ಮೇಲೆ ತರಗು ಒಂದು ಗೇಣು, ಹಸಿ ಸೊಪ್ಪು ಅಥವಾ ಅಡುಗೆಮನೆ ಕಸ ನಾಲ್ಕು ಬೆರಳು, ಸಗಣಿ ಬಗ್ಗಡ ಒಂದು ಬಕೆಟ್, ಒಂದು ಬೊಗಸೆ ತೋಟದ ಮಣ್ಣು. ಇದೇ ಸರದಿ ಮೇಲಿನವರೆಗೆ. ಗಾತ್ರದಲ್ಲಿ ಒಣದು ಎರಡೂವರೆ ಮೂರು ಪಾಲಿದ್ದರೆ ಹಸಿದು ಒಂದು ಪಾಲು. ಪ್ರತಿ ಪದರವನ್ನೂ ತೋಯಿಸಿ. ಒಂದು ಹಿಡಿ ತೆಗೆದು ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಬೇಕು, ಧಾರೆಯಾಗಿ ಇಳಿಯಬಾರದು. ಮೇಲೆ ತೆಂಗಿನ ಗರಿಯೋ ಗೋಣಿಯೋ ಹೊದಿಸಿ.

ನಾಲ್ಕನೇ ದಿನ ಒಂದು ಕಬ್ಬಿಣದ ಸಲಾಕೆಯನ್ನು ನಡುವಿಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆಯಿರಿ. ತುದಿ ಹಿಡಿಯಲಾಗದಷ್ಟು ಬಿಸಿ ಇದ್ದರೆ ಒಳಗೆ 55–65 ಡಿಗ್ರಿ ಕಾವು ಬಂದಿರುತ್ತದೆ, ಕಳೆ ಬೀಜ ಮತ್ತು ರೋಗಾಣುಗಳು ಸಾಯುವುದು ಈ ಕಾವಿನಲ್ಲಿ. ಬೆಚ್ಚಗೂ ಇಲ್ಲದಿದ್ದರೆ ಒಂದೋ ಒಣಗಿದೆ, ಇಲ್ಲವೇ ಹಸಿ ಪಾಲು ಸಾಲದು. ಬಗ್ಗಡ ಸೇರಿಸಿ ಮಗುಚಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ನೀರು ಹೆಚ್ಚಾಗಿ ಗಾಳಿ ನಿಂತಿದೆ, ತರಗು ಬೆರೆಸಿ ಸಡಿಲಿಸಿ. ಮೂಗಿಗೆ ಚುಚ್ಚುವ ಅಮೋನಿಯಾ ವಾಸನೆ ಬಂದರೆ ಹಸಿದು ಅತಿಯಾಗಿದೆ, ಸಾರಜನಕ ಗಾಳಿಗೆ ಹೋಗುತ್ತಿದೆ. ಆಗಲೂ ತರಗೇ ಮದ್ದು.

15ನೇ ದಿನ ಮತ್ತು 30ನೇ ದಿನ, ಹೊರಗಿನದು ಒಳಕ್ಕೆ ಹೋಗುವಂತೆ ಮಗುಚಿ. ಮೂರು ತಿಂಗಳಿಗೆ ಮಾಗುತ್ತದೆ. ಒಂದು ಹಿಡಿಯನ್ನು ತೇವ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಮೂರು ದಿನ ಇಟ್ಟು ಬಿಚ್ಚಿ. ಮಣ್ಣಿನ ವಾಸನೆಯಾದರೆ ಸಿದ್ಧ, ಹುಳಿ ಅಥವಾ ಗಬ್ಬು ವಾಸನೆಯಾದರೆ ಇನ್ನೂ ಹಸಿ. ಮಗುಚುವಾಗ ಕೊಕ್ಕೆಯಂತೆ ಸುರುಳಿದ ದಪ್ಪ ಬಿಳಿ ಗೊಣ್ಣೆಹುಳು ಸಿಕ್ಕರೆ ಆರಿಸಿ ತೆಗೆಯಿರಿ. ತೆಂಗಿನ ಸುಳಿ ಕೊರೆಯುವ ದುಂಬಿ ಮರಿ ಮಾಡುವುದು ಇಂಥ ರಾಶಿಯಲ್ಲೇ. ಜೇಕಿನ ಗೆಡ್ಡೆಯನ್ನಂತೂ ರಾಶಿಗೆ ಹಾಕಲೇಬೇಡಿ, ಅಂಚಿನ ತಂಪಿನಲ್ಲಿ ಬದುಕಿ ಮಡಿಗೆ ಮರಳುತ್ತದೆ.

ತರಕಾರಿ ಮಡಿಗೆ ಚದರ ಮೀಟರಿಗೆ 2–3 ಕಿಲೋ, ವರ್ಷಕ್ಕೆ ಎರಡು ಸಲ. ಫಲ ಬಿಡುವ ಮರಕ್ಕೆ 15–20 ಕಿಲೋ, ಅದನ್ನೂ ಎರಡು ಕಂತಿನಲ್ಲಿ. ಹಸಿ ಸಗಣಿ ಸಿಗುವವರು ಅದನ್ನು ಬಿಸಿಲಲ್ಲಿ ಒಣಗಲು ಬಿಡಬೇಡಿ, ನೆರಳಲ್ಲಿ ಮುಚ್ಚಿಡಿ. ಹಸಿಯಾಗಿ ತಿನ್ನುವ ಸೊಪ್ಪು ತರಕಾರಿಯ ಮಡಿಗೆ ಮಾಗದ ಸಗಣಿ ಹಾಕಿದ್ದರೆ ಕೊಯ್ಲಿಗೆ ನಾಲ್ಕು ತಿಂಗಳ ಅಂತರ ಇರಲೇಬೇಕು, ಇದರಲ್ಲಿ ರಿಯಾಯಿತಿ ಇಲ್ಲ.

ಬೂದಿ ಮತ್ತು ಇದ್ದಿಲು

ಬೂದಿಯಲ್ಲಿ ಸಾರಜನಕ ಇರುವುದಿಲ್ಲ, ಅದು ಹೊಗೆಯಲ್ಲೇ ಹೋಗಿರುತ್ತದೆ. ಉಳಿಯುವುದು ಸುಣ್ಣದ ಅಂಶ, ಪೊಟ್ಯಾಷ್, ಸ್ವಲ್ಪ ರಂಜಕ. ತೋಟದ ಎಲೆ ಗುಡಿಸಿ ಸುಡುವುದು ನಷ್ಟದ ಕೆಲಸ ಎನ್ನುವುದು ಇದಕ್ಕೇ. ಒಲೆಯ ಸೌದೆ ಬೂದಿ ಇದ್ದರೆ ಚದರ ಮೀಟರಿಗೆ ವರ್ಷಕ್ಕೆ 100 ಗ್ರಾಂ ಮೀರದಂತೆ ಎರಚಿ. ಬಾಳೆ, ಗೆಡ್ಡೆ ಬೆಳೆಗಳು ಅದನ್ನು ಚೆನ್ನಾಗಿ ಬಳಸಿಕೊಳ್ಳುತ್ತವೆ. ಮಣ್ಣಿನ ಪಿಎಚ್ 7 ದಾಟಿದ್ದರೆ ಬೂದಿ ಬೇಡ. ಬಣ್ಣ ಬಳಿದ ಮರ, ಪ್ಲೈವುಡ್, ಕಲ್ಲಿದ್ದಲಿನ ಬೂದಿಯೂ ಬೇಡ. ಮಳೆಯಲ್ಲಿ ನೆನೆದ ಬೂದಿಯ ಪೊಟ್ಯಾಷ್ ತೊಳೆದುಹೋಗಿರುತ್ತದೆ, ಡಬ್ಬಿಯಲ್ಲಿ ಒಣದಾಗಿಯೇ ಮುಚ್ಚಿಡಿ. ಸಗಣಿ ಗಂಜಲದ ಜೊತೆ ಬೆರೆಸಿದರೆ ಸುಣ್ಣದಂತೆಯೇ ಅಮೋನಿಯಾ ಹಾರಿಸುತ್ತದೆ.

ಇದ್ದಿಲಿನ ಗುಣ ಬೇರೆ. ಅಮೆಜಾನ್ ಕಣಿವೆಯ ಮೂಲನಿವಾಸಿಗಳು ಇದ್ದಿಲು, ಮೂಳೆ, ಮಡಕೆ ಚೂರು, ಮನೆಯ ಕಸ ಸೇರಿ ಉಂಟಾದ ಕಪ್ಪು ಮಣ್ಣನ್ನು ಬಿಟ್ಟುಹೋದರು. ಅದಕ್ಕೆ ‘ತೆರ್ರಾ ಪ್ರೇತಾ’ ಎಂದು ಹೆಸರು. ಸುತ್ತಲಿನ ಮಣ್ಣು ಬಡವಾಗಿರುವಾಗ ಅದು ನೂರಾರು ವರ್ಷಗಳ ನಂತರವೂ ಫಲವತ್ತಾಗಿಯೇ ಇದೆ. ಎಲ್ಲವೂ ಬೇಗ ಕರಗುವ ನಾಡಿನಲ್ಲಿ ಕರಗದೆ ಉಳಿಯುವ ಇಂಗಾಲ ಇದ್ದಿಲು, ಅದರ ಸಣ್ಣ ರಂಧ್ರಗಳಲ್ಲಿ ನೀರು ಮತ್ತು ಪೋಷಕಾಂಶ ನಿಲ್ಲುತ್ತದೆ. ಒಲೆಯ ಇದ್ದಿಲನ್ನು ನೀರು ಚಿಮುಕಿಸಿ, ದೂಳು ಏಳದಂತೆ, ಕಡಲೆಕಾಯಿ ಬೀಜದ ಗಾತ್ರಕ್ಕೆ ಕುಟ್ಟಿ. ಸಗಣಿ ಬಗ್ಗಡದಲ್ಲಿ ಎರಡು ಮೂರು ವಾರ ನೆನೆಸಿ. ಈ ಹಂತ ಬಿಟ್ಟು ಒಣ ಇದ್ದಿಲನ್ನೇ ಹಾಕಿದರೆ ಅದು ಮಣ್ಣಿನಲ್ಲಿದ್ದ ಸತ್ವವನ್ನು ತಾನೇ ಹಿಡಿದುಕೊಂಡು ಮೊದಲ ಬೆಳೆ ಸೊರಗುತ್ತದೆ. ನೆನೆದದ್ದನ್ನು ಚದರ ಮೀಟರಿಗೆ ಅರ್ಧದಿಂದ ಒಂದು ಕಿಲೋ, ಮೇಲಿನ 15 ಸೆಂ.ಮೀ. ಮಣ್ಣಿಗೆ ಒಂದೇ ಸಲ ಬೆರೆಸಿದರೆ ಸಾಕು.

ಬಾಳೆ ಗುಂಡಿ

ಅಡುಗೆಮನೆ ಕಸಕ್ಕೂ ಬಚ್ಚಲ ನೀರಿಗೂ ಇದಕ್ಕಿಂತ ಸೊಗಸಾದ ದಾರಿ ಇಲ್ಲ. ಗೋಡೆಯಿಂದ 3 ಮೀಟರ್ ದೂರದಲ್ಲಿ, ಬಾವಿಯಿಂದ ಸಾಕಷ್ಟು ದೂರದಲ್ಲಿ, 2 ಮೀಟರ್ ಅಗಲ, ನಡುವೆ 80 ಸೆಂ.ಮೀ. ಆಳದ ಬಟ್ಟಲಾಕಾರದ ಗುಂಡಿ ತೆಗೆಯಿರಿ. ಅಗೆದ ಮಣ್ಣನ್ನು ಸುತ್ತ ದಿಬ್ಬವಾಗಿ ಏರಿಸಿ. ದಿಬ್ಬದ ಮೇಲೆ ನಾಲ್ಕೈದು ಬಾಳೆ ಕಂದು, ನಡುನಡುವೆ ಪರಂಗಿ, ಹೊರ ಇಳಿಜಾರಿಗೆ ಗೆಣಸಿನ ಬಳ್ಳಿ. ಗುಂಡಿಯ ತಳಕ್ಕೆ ದಪ್ಪ ಕೊಂಬೆ, ಮೇಲೆ ತರಗು ತುಂಬಿ. ದಿನದ ಕಸ ಹಾಕಿದಾಗಲೆಲ್ಲ ಒಂದು ಪುಟ್ಟಿ ತರಗು ಮುಚ್ಚಿ. ಮುಚ್ಚದಿದ್ದರೆ ನೊಣ, ಇಲಿ ಖಂಡಿತ. ದಿಬ್ಬಕ್ಕಿಂತ ಎತ್ತರ ತುಂಬಿದರೂ ಚಿಂತೆಯಿಲ್ಲ, ಎರಡು ವಾರದಲ್ಲಿ ಇಳಿಯುತ್ತದೆ. ಬಚ್ಚಲ ನೀರಿಗೆ ಬ್ಲೀಚಿಂಗ್, ಗಡಸು ಡಿಟರ್ಜೆಂಟ್ ಸೇರುತ್ತಿದ್ದರೆ ಇಲ್ಲಿಗೆ ಬಿಡಬೇಡಿ.

ಗೊನೆ ಕಡಿದ ಮೇಲೆ ಬಾಳೆದಿಂಡನ್ನು ಉದ್ದುದ್ದ ಸೀಳಿ, ತುಂಡು ಮಾಡಿ ಅದೇ ಗುಂಡಿಗೆ ಹಾಕಿ. ಗಿಡ ಹೀರಿದ ಪೊಟ್ಯಾಷ್‌ನಲ್ಲಿ ದೊಡ್ಡ ಪಾಲು ದಿಂಡಿನಲ್ಲಿದೆ. ಸೀಳದೆ ಇಡಿಯಾಗಿ ಎಸೆದರೆ ಗೆಡ್ಡೆ ಕೊರೆಯುವ ಮೂತಿಹುಳು ಅದರಲ್ಲೇ ಮನೆಮಾಡುತ್ತದೆ.

ಯಾವಾಗ ಏನು

ಮಳೆಗೆ ಒಂದು ತಿಂಗಳ ಮುಂಚೆ ಸುಣ್ಣ ಅಥವಾ ಬೂದಿ. ಮೊದಲ ಹದಮಳೆಗೆ ಗೊಬ್ಬರದ ಮೊದಲ ಕಂತು, ಗ್ಲಿರಿಸಿಡಿಯಾ ಗೂಟ, ಖಾಲಿ ಮಡಿಗೆ ಸೆಣಬು. ಜಡಿಮಳೆಯ ತಿಂಗಳುಗಳಲ್ಲಿ ಪುಡಿ ಗೊಬ್ಬರ, ಗಂಜಲ ಯಾವುದೂ ಬೇಡ, ತೊಳೆದು ಹರಿದುಹೋಗುತ್ತದೆ. ಆಗ ಒರಟು ಮುಚ್ಚಿಗೆ, ಕಡಿದ ಸೊಪ್ಪು ಮಾತ್ರ. ಮಳೆ ಇಳಿದು ನೆಲ ಇನ್ನೂ ಹಸಿ ಇರುವಾಗ ಎರಡನೇ ಕಂತು. ಬೇರು ಅತಿ ಚುರುಕಾಗಿ ಹೀರುವ ಕಾಲ ಅದು, ಒಂದೇ ಕಂತಿಗೆ ಆಗುವಷ್ಟು ಗೊಬ್ಬರವಿದ್ದರೆ ಇದಕ್ಕೇ ಉಳಿಸಿಕೊಳ್ಳಿ. ಅದರ ಬೆನ್ನಿಗೇ, ತೇವ ಆರುವ ಮುನ್ನ, ಬೇಸಿಗೆಯ ದಪ್ಪ ಮುಚ್ಚಿಗೆ. ಬೇಸಿಗೆಯಲ್ಲಿ ಅಗೆತ ಬೇಡ. ಉದುರಿದ ತರಗನ್ನು ಚೀಲಕ್ಕೆ ತುಂಬಿ ಮಳೆ ತಾಗದ ಕಡೆ ಇಟ್ಟುಕೊಳ್ಳಿ, ಮಳೆಗಾಲದ ರಾಶಿಗೆ ಒಣ ಎಲೆಯೇ ಸಿಗದೆ ಪರದಾಡುವುದು ತಪ್ಪುತ್ತದೆ. ಚೀಲಕ್ಕೆ ಕೈಹಾಕುವ ಮುನ್ನ ಕೋಲಿನಿಂದ ತಟ್ಟಿ ನೋಡಿ, ಚೇಳಿಗೂ ಆ ಜಾಗ ಇಷ್ಟ.

ಮುಂದಿನ ವರ್ಷ ಅದೇ ತಿಂಗಳು, ಹಳೆಯ ಗುಂಡಿಯ ಪಕ್ಕದಲ್ಲೇ ಮತ್ತೆ 30 ಸೆಂ.ಮೀ. ಗುಂಡಿ ತೆಗೆದು ಎರೆಹುಳು ಎಣಿಸಿ, ನೀರು ತುಂಬಿ ಗಂಟೆ ನೋಡಿ, ಎರಡೂ ಅಂಕಿಗಳನ್ನು ಹೋದ ವರ್ಷದ ಸಾಲಿನ ಕೆಳಗೆ ಬರೆದಿಡಿ.